ಪಂಪ್ ಏರಿಸಿದ ಟ್ರ್ಯಾಕ್ಟರ್

ಕಬ್ಬಿನ ಹಂಗಾಮು ಬಂತೆಂದರೆ ಸೊಲ್ಲಾಪುರ ಜಿಲ್ಲೆಯ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳದೇ ಸಾಲು. ನಂದೇಶ್ವರದಿಂದ ಅಕ್ಕಲಕೋಟೆಯವರೆಗೆ ನಮ್ಮ ಎಷ್ಟೋ ಮನೆಗಳಿಗೆ ಈ ಬಾಡಿಗೆಯೇ ಆಸರೆ. ದಿನಕ್ಕೆ ಒಂದು ಖೇಪು ಹೆಚ್ಚು ಹೊಡೆಯುವ ಆಸೆಯಿಂದ ಗ್ಯಾರೇಜಿಗೆ ಹೋಗಿ "ಪಂಪ್ ಸ್ವಲ್ಪ ಏರಿಸಿಕೊಡು" ಎನ್ನುವ ರೈತ ಬಾಂಧವರಿಗಾಗಿ ಈ ನಾಲ್ಕು ಮಾತು.

ಡೀಸೆಲ್ ಪಂಪಿಗೆ ತಯಾರಕರು ತಂತಿ ಕಟ್ಟಿ ಸೀಲು ಹಾಕಿರುತ್ತಾರೆ. ಅದನ್ನು ಕತ್ತರಿಸಿ ತಿರುಪು ತಿರುಗಿಸಿದರೆ ಸಿಲಿಂಡರಿಗೆ ಹೆಚ್ಚು ಡೀಸೆಲ್ ಹೋಗುತ್ತದೆ. ಎಳೆತ ಹೆಚ್ಚುವುದು ನಿಜ, ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಸುಟ್ಟ ಡೀಸೆಲಿನ ಶಕ್ತಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ. ಉಳಿದುದೆಲ್ಲ ಕಾವಾಗಿ ಸೈಲೆನ್ಸರ್, ರೇಡಿಯೇಟರುಗಳ ಮೂಲಕ ಹೊರಬೀಳಬೇಕು. ಪಂಪ್ ಏರಿತು, ರೇಡಿಯೇಟರ್ ದೊಡ್ಡದಾಗಲಿಲ್ಲ! ಹಂಗಾಮು ಮುಗಿದು ಏಪ್ರಿಲ್, ಮೇ ತಿಂಗಳಲ್ಲಿ ಅದೇ ಟ್ರ್ಯಾಕ್ಟರ್ ನೇಗಿಲು ಎಳೆಯುವಾಗ ಹೊರಗಿನ ಗಾಳಿಯೇ 40 ಡಿಗ್ರಿ ದಾಟಿರುತ್ತದೆ. ರೇಡಿಯೇಟರಿನ ಜಾಲಿಯಲ್ಲಿ ಹೊಟ್ಟು ಧೂಳು, ಒಳಗೆ ಬೋರಿನ ಗಡಸು ನೀರಿನ ಸುಣ್ಣ. ಹೆಡ್ ಗ್ಯಾಸ್ಕೆಟ್ ಸುಡುವುದು, ಹೆಡ್ ಬಿರುಕು ಬಿಡುವುದು ಇಂಥ ಹೊತ್ತಿನಲ್ಲಿಯೇ.

ಸವೆತ ಮಾತ್ರ ಕಣ್ಣಿಗೆ ಕಾಣದೆ ನಡೆಯುತ್ತದೆ. ಡೀಸೆಲ್ ಹೆಚ್ಚಾದರೂ ಇಂಜಿನ್ ಎಳೆದುಕೊಳ್ಳುವ ಗಾಳಿ ಮೊದಲಿನಷ್ಟೇ. ಸುಡದೆ ಉಳಿದ ಡೀಸೆಲ್ ಲೈನರಿನ ಮೇಲಿನ ಎಣ್ಣೆಯ ಪೊರೆಯನ್ನು ತೊಳೆದು ಕೆಳಗಿನ ಆಯಿಲ್‌ಗೆ ಸೇರುತ್ತದೆ, ಜೊತೆಗೆ ಮಸಿಯೂ. ರಿಂಗ್, ಲೈನರ್, ಬೇರಿಂಗುಗಳು ಬೇಗ ಸವೆಯುತ್ತವೆ. ಆಯಿಲ್ ಕಡ್ಡಿ ಎತ್ತಿದಾಗ ಮಟ್ಟ ಇಳಿಯುವ ಬದಲು ಏರಿದ್ದರೆ, ಡೀಸೆಲ್ ವಾಸನೆ ಬಂದರೆ, ಆಯಿಲ್ ಉಳಿಯಿತೆಂದು ಹಿಗ್ಗಬೇಡಿರಿ. ಗವರ್ನರ್ ಸಡಿಲಿಸಿ 2000 ಸುತ್ತಿನ ಇಂಜಿನ್ನನ್ನು 2400 ಸುತ್ತಿಗೆ ಓಡಿಸುವವರೂ ಇದ್ದಾರೆ. ವೇಗ ಹೆಚ್ಚಿದ್ದು ಶೇಕಡಾ 20. ಪಿಸ್ಟನ್ ಮೇಲೆ ಕೆಳಗೆ ಓಡಾಡುವಾಗ ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಜಗ್ಗಾಟ ಹೆಚ್ಚುವುದು ಶೇಕಡಾ 44.

ಟರ್ಬೊ ಕೂಡಿಸಿದರೆ ಗಾಳಿ ಸಿಗುವುದಿಲ್ಲವೇ ಎಂದು ಕೇಳಬಹುದು. ಕಾರ್ಖಾನೆಯಿಂದಲೇ ಟರ್ಬೊ ಇರುವ ಇಂಜಿನ್ನಿನ ಪಿಸ್ಟನ್, ರೇಡಿಯೇಟರುಗಳನ್ನು ಅದಕ್ಕೆ ತಕ್ಕಂತೆ ಮಾಡಿರುತ್ತಾರೆ. ಹಳೆಯ ಇಂಜಿನ್ನಿಗೆ ಆ ಅನುಕೂಲವಿಲ್ಲ. ಎಳೆತ ಕಡಿಮೆಯಾಗಿದ್ದರೆ ಮೊದಲು ಏರ್ ಫಿಲ್ಟರ್ ಸ್ವಚ್ಛ ಮಾಡಿಸಿರಿ, ನಾಝಲ್ ತಪಾಸಣೆ ಮಾಡಿಸಿರಿ. ಕಳೆದುಹೋದ ಬಲ ಎಷ್ಟೋ ಸಲ ಅಲ್ಲಿಯೇ ಸಿಗುತ್ತದೆ.

ಇನ್ನು ಆರೋಗ್ಯದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಪಂಪ್ ಏರಿಸಿದ ಇಂಜಿನ್ನಿನ ಕರಿಹೊಗೆಯಲ್ಲಿ ಮೊದಲ ಪಾಲು ಚಾಲಕನಿಗೆ, ಎರಡನೆಯದು ಹಿಂದೆ ಟ್ರೇಲರಿನಲ್ಲಿ ಕುಳಿತ ಕಬ್ಬು ಕಡಿಯುವವರ ಮಕ್ಕಳಿಗೆ.

ಇಂಜಿನ್ ಕುದಿದಾಗ ರೇಡಿಯೇಟರಿನ ಮುಚ್ಚಳಕ್ಕೆ ಕೂಡಲೇ ಕೈ ಹಾಕಬೇಡಿರಿ. ಒತ್ತಡದಲ್ಲಿರುವ ಆ ನೀರು 100 ಡಿಗ್ರಿಗಿಂತಲೂ ಹೆಚ್ಚು ಕಾದಿರಬಹುದು. ತೆರೆದೊಡನೆ ಮುಖಕ್ಕೇ ಚಿಮ್ಮುತ್ತದೆ. ಪೂರ್ತಿ ಆರಿದ ಮೇಲೆ ತೆರೆಯಿರಿ. ಯಾರಿಗಾದರೂ ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು ಬಿಟ್ಟು, ಸ್ವಚ್ಛ ಬಟ್ಟೆ ಹೊದಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ಶಾಯಿ, ಟೂತ್‌ಪೇಸ್ಟ್ ಏನನ್ನೂ ಹಚ್ಚಬಾರದು.