ನಿಮಗಿದು ಗೊತ್ತೇ? ಆಲ್ತಾರಿನ ಬದಿಯ ಪುಸ್ತಕಗಳು

ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಮುಸ್ಸಂಜೆಗೆ ಜಪಮಾಲೆ ಹಿಡಿದು ಹೇಳುವ ಪ್ರಾರ್ಥನೆಗೆ ‘ತೆರ್ಸ್’ ಎಂದು ಹೆಸರು. ಪೋರ್ಚುಗೀಸಿನಿಂದ ಬಂದ ಮಾತು, ‘ಮೂರರಲ್ಲಿ ಒಂದು ಪಾಲು’ ಎಂದು ಅರ್ಥ. ಯಾವುದರ ಪಾಲು? ಹಿಂದೆ ಇಡೀ ಜಪಮಾಲೆಯೆಂದರೆ 150 ‘ನಮಾನ್ ಮರಿಯೆ’, ಅಂದರೆ ಮರಿಯಮ್ಮನಿಗೆ ನಮನ ಹೇಳುವ ಪ್ರಾರ್ಥನೆ. ಒಂದು ಸಂಜೆಗೆ 50 ಹೇಳಿದರೆ ಮೂರರಲ್ಲೊಂದು ಪಾಲು ಮುಗಿಯಿತು. ಈ 150ರ ಲೆಕ್ಕ ಬಂದದ್ದು ಬೈಬಲಿನ 150 ಕೀರ್ತನೆಗಳಿಂದ. ಯುರೋಪಿನ ಮಠಗಳಲ್ಲಿ ಓದು ಬಲ್ಲ ಸನ್ಯಾಸಿಗಳು ಕೀರ್ತನೆಗಳನ್ನು ಹಾಡುತ್ತಿದ್ದರು. ಅಕ್ಷರ ಬಾರದ ಜನ ಅದರ ಬದಲಿಗೆ ಮಣಿ ಎಣಿಸುತ್ತ ಪ್ರಾರ್ಥನೆ ಹೇಳಿದರು. ಓದು ಬಾರದವರ ಪುಸ್ತಕವೇ ಜಪಮಾಲೆ. 2002ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಇನ್ನೂ ಐದು ರಹಸ್ಯಗಳನ್ನು, ಅಂದರೆ ಹತ್ತು ‘ನಮಾನ್ ಮರಿಯೆ’ಗೆ ಒಂದರಂತೆ ಧ್ಯಾನಿಸುವ ಘಟನೆಗಳನ್ನು, ಸೇರಿಸಿದ ಮೇಲೆ ಇಡೀ ಮಾಲೆ 200ಕ್ಕೆ ಏರಿದೆ. ತೆರ್ಸ್ ಈಗ ಲೆಕ್ಕಕ್ಕೆ ಕಾಲು ಪಾಲು. ಹೆಸರು ಹಾಗೇ ಉಳಿದಿದೆ, ಉಳಿಯಲಿ.

ತೆರ್ಸ್ ಮುಗಿದರೆ ‘ಬೆಸಾಂವ್’. ಹಾಗೆಂದರೆ ಆಶೀರ್ವಾದ, ಇದೂ ಪೋರ್ಚುಗೀಸಿನಿಂದ ಬಂದ ಪದ. ನಮ್ಮ ಮನೆಯಲ್ಲಿ ಚಿಕ್ಕವರು ಕೈ ಜೋಡಿಸಿಕೊಂಡು ಮೊದಲು ಅಜ್ಜಿಯ ಹತ್ತಿರ, ಆಮೇಲೆ ಅಪ್ಪನ ಹತ್ತಿರ, ಅಮ್ಮನ ಹತ್ತಿರ ಹೋಗಿ ಬೆಸಾಂವ್ ಕೇಳಬೇಕಿತ್ತು. ಹಗಲು ಎಷ್ಟೇ ಜಗಳವಾಗಿರಲಿ, ಅಣ್ಣನ ಮೇಲೆ ಎಷ್ಟೇ ಮುನಿಸಿರಲಿ, ಆ ಸುತ್ತು ತಪ್ಪಿಸುವಂತಿರಲಿಲ್ಲ. ಅಜ್ಜಿಯ ಅಂಗೈ ತಲೆಯ ಮೇಲೆ ಬಂದಾಗ ತೆಂಗಿನೆಣ್ಣೆಯ, ಕೊತ್ತಂಬರಿಯ ವಾಸನೆ ಬರುತ್ತಿತ್ತು. ಅದಾದ ಮೇಲೆಯೇ ಊಟ. ಊಟಕ್ಕೆ ಮುಂಚೆ ಸಿಗುವ ಹತ್ತು ನಿಮಿಷದಲ್ಲಿ ಅಜ್ಜಿ ಕನ್ನಡಕ ಏರಿಸಿ ‘ರಾಕ್ಣೊ’ ಬಿಡಿಸುತ್ತಿದ್ದರು.

‘ರಾಕ್ಣೊ’ ಗೊತ್ತಲ್ಲ? ಸಿಲ್ವೆಸ್ಟರ್ ಮಿನೇಜಸ್ ಎಂಬ ಪಾದ್ರಿಗಳು 1938ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಕೊಂಕಣಿ ವಾರಪತ್ರಿಕೆ. ಕಾವಲುಗಾರ ಎಂದು ಹೆಸರಿನ ಅರ್ಥ. ಅದಕ್ಕೂ ಹಿಂದೆ, 1912ರಲ್ಲಿ, ಲೂಯಿಸ್ ಮಸ್ಕರೇನ್ಹಸ್ ಅವರು ‘ಕೊಂಕಣಿ ದಿರ್ವೆಂ’ ತಂದಿದ್ದರು. ದಿರ್ವೆಂ ಎಂದರೆ ಸಂಪತ್ತು.

ಎರಡೂ ಕೊಂಕಣಿ ಪತ್ರಿಕೆಗಳು, ಎರಡರ ಲಿಪಿಯೂ ಕನ್ನಡ. ಕೊಂಕಣಿಯನ್ನು ದೇವನಾಗರಿ, ರೋಮನ್, ಕನ್ನಡ, ಮಲಯಾಳಂ, ಪರ್ಸೋ-ಅರೇಬಿಕ್ ಹೀಗೆ ಐದು ಲಿಪಿಗಳಲ್ಲಿ ಬರೆಯುತ್ತಾರೆ. ಗೋವಾದ ಕ್ರೈಸ್ತರು ರೋಮನ್ ಅಕ್ಷರ ಹಿಡಿದರು, ಮಂಗಳೂರಿನವರು ಕನ್ನಡಕ್ಕೆ ಒಲಿದರು. ಹಾಗಾಗಿ ಇಲ್ಲಿನ ಅಜ್ಜಿಯರ ಬಾಯಲ್ಲಿ ಕೊಂಕಣಿ ಇದ್ದರೂ ಕಣ್ಣಿಗೆ ಹತ್ತಿದ್ದು ಅ ಆ ಇ ಈ. ನಮ್ಮ ಅಜ್ಜಿ ಕನ್ನಡ ಕಾದಂಬರಿಗಳನ್ನು ಸರಾಗವಾಗಿ ಓದುತ್ತಿದ್ದುದು ಹೇಗೆಂದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಪ್ರಾರ್ಥನಾ ಪುಸ್ತಕವೇ ಅವರ ಬಾಲಬೋಧೆ.

ಇನ್ನೊಂದು ಸಂಗತಿ ಕೇಳಿ, ಇದು ನನಗೆ ತೀರಾ ಇಷ್ಟವಾದದ್ದು. ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಜೆಸ್ವಿಟ್ ಪಾದ್ರಿ 1579ರಲ್ಲಿ ಗೋವಾಕ್ಕೆ ಬಂದರು. ಇಲ್ಲಿನ ಭಾಷೆ ಕಲಿತು, ಯೇಸುವಿನ ಕಥೆಯನ್ನು ಮರಾಠಿಯಲ್ಲಿ, ಅಲ್ಲಲ್ಲಿ ಕೊಂಕಣಿಯ ಬೆರಕೆಯೊಂದಿಗೆ, ಪುರಾಣದ ಧಾಟಿಯಲ್ಲೇ ಬರೆದರು. ಅದು ‘ಕ್ರಿಸ್ತಪುರಾಣ’. ಛಂದಸ್ಸು ನಮ್ಮ ನಾಡಿಗೂ ಪರಿಚಯದ ಓವಿ. ಪದ್ಯಗಳು ಸುಮಾರು 11,000. 1616ರಲ್ಲಿ ಅಚ್ಚಾಯಿತು, ಮುಂದೆ 1649ರಲ್ಲಿ, 1654ರಲ್ಲಿ ಮತ್ತೆ ಅಚ್ಚಾಯಿತು. ಆ ಮೂರು ಮುದ್ರಣಗಳ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಕಾವ್ಯ ಮಾತ್ರ ಉಳಿಯಿತು. ಕೆನರಾದ ಕ್ರೈಸ್ತ ಕುಟುಂಬಗಳು ಅದನ್ನು ಕೈಯಲ್ಲಿ ನಕಲು ಮಾಡಿ, ಪೆಟ್ಟಿಗೆಯಲ್ಲಿಟ್ಟು, ತಲೆಮಾರಿನಿಂದ ತಲೆಮಾರಿಗೆ ದಾಟಿಸಿದವು. ಆ ಹಸ್ತಪ್ರತಿಗಳನ್ನು ಹುಡುಕಿ, ಹೋಲಿಸಿ ನೋಡಿ, ಜೋಸೆಫ್ ಸಲ್ಡಾನ್ಹಾ ಅವರು 1907ರಲ್ಲಿ ಪುಸ್ತಕವಾಗಿ ತಂದರು. ಅಚ್ಚಾದದ್ದು ನಮ್ಮ ಮಂಗಳೂರಿನ ಬೋಳಾರದಲ್ಲೇ, ಸೈಮನ್ ಆಲ್ವಾರಿಸ್ ಅವರ ಕಡೆಯಿಂದ. ಗೆದ್ದಲು, ಮಳೆಗಾಲದ ಬೂಸ್ಟು, ಸೋರುವ ಮಾಡು ಎಲ್ಲ ಇರುವ ಕರಾವಳಿಯಲ್ಲಿ ಕಾಗದದ ಕಟ್ಟೊಂದನ್ನು ಇನ್ನೂರೈವತ್ತು ವರ್ಷ ಕಾಪಾಡುವುದೆಂದರೆ ಸಾಮಾನ್ಯ ಕೆಲಸವಲ್ಲ. ಒಬ್ಬರ ಪ್ರತಿ ಹಾಳಾಗುವ ಮೊದಲು ಮತ್ತೊಬ್ಬರು ಕೂತು ನಕಲು ಮಾಡಿರಬೇಕು. ಆ ಕೈಗಳ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ. ನನಗೆ ಅವರು ಕವಿಯಷ್ಟೇ ದೊಡ್ಡವರು.

ಅದೇ ಓವಿಯ ಹೆಸರನ್ನು ಹೊತ್ತ ‘ವೊವಿಯೊ’ ಹಾಡುಗಳು ಇಂದಿಗೂ ಮದುವೆ ಮನೆಯಲ್ಲಿ ಕೇಳುತ್ತವೆ. ಮದುವೆಯ ಮುನ್ನಾದಿನ ವಧುವಿಗೂ ವರನಿಗೂ ಅವರವರ ಮನೆಯಲ್ಲಿ ತೆಂಗಿನಹಾಲು ಹಚ್ಚುವ ‘ರೋಸ್’ ಶಾಸ್ತ್ರಕ್ಕೆ ಅವು ಬೇಕೇ ಬೇಕು.

ಈಗ ಮಂಗಳೂರಿನದೇ ಬಲ್ಮಠದ ಗುಡ್ಡಕ್ಕೆ ಬನ್ನಿ. ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟಂಟ್ ಸಂಸ್ಥೆಯ ಪಾದ್ರಿಗಳಾದ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರುವಾಯಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅಲ್ಲಿಂದಲೇ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ನಾವು ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದು ಅದರ ನೆನಪಿಗೆ.

ಮಿಷನ್ನಿನ ಪ್ರೆಸ್ಸು ಬೈಬಲನ್ನಷ್ಟೇ ಅಚ್ಚು ಹಾಕಿತೆಂದು ತಿಳಿದವರು ಇನ್ನೂ ಇದ್ದಾರೆ. ಮೋಗ್ಲಿಂಗ್ 1848ರಲ್ಲಿ ‘ಜೈಮಿನಿ ಭಾರತ’ ತಂದರು, 1850ರಲ್ಲಿ ಹರಿದಾಸರ ಕೀರ್ತನೆಗಳನ್ನು ಕಲೆಹಾಕಿ ‘ದಾಸರ ಪದಗಳು’ ತಂದರು. ಫರ್ಡಿನಾಂಡ್ ಕಿಟ್ಟೆಲ್ ಅವರ 1,752 ಪುಟಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದದ್ದೂ ಇಲ್ಲಿಂದಲೇ. ಸುಮಾರು 70,000 ಪದಗಳು, ಅರ್ಥದ ಜೊತೆಗೆ ಊರ ಗಾದೆಗಳ ಉದಾಹರಣೆಗಳು ಬೇರೆ.

ತುಳು ಮನೆಗಳಿಗೆ ಪುಸ್ತಕ ಬಂದದ್ದೂ ಇದೇ ದಾರಿಯಲ್ಲಿ. ಗ್ರೈನರ್ ತುಳುವಿಗೆ ಅನುವಾದಿಸಿದ ಮತ್ತಾಯನ ಸುವಾರ್ತೆ 1842ರಲ್ಲಿ ಅಚ್ಚಾಯಿತು, ಹೊಸ ಒಡಂಬಡಿಕೆ 1847ರ ಹೊತ್ತಿಗೆ ಬಂತು. ಲಿಪಿ ಮತ್ತೆ ಕನ್ನಡವೇ. ಇವತ್ತು ತುಳು ಕಾದಂಬರಿ, ತುಳು ನಾಟಕ, ತುಳು ಸಿನಿಮಾದ ಪೋಸ್ಟರು ಕನ್ನಡ ಅಕ್ಷರದಲ್ಲಿ ಇರುವುದಕ್ಕೆ ಆ ಪುಟ್ಟ ಸುವಾರ್ತೆಯ ಪಾಲು ದೊಡ್ಡದು.

ಇದು ಬಹಳ ಜನರಿಗೆ ಗೊತ್ತಿರಲಾರದು: ಇಟಲಿಯಿಂದ ಬಂದ ಕಥೊಲಿಕ ಜೆಸ್ವಿಟ್ ಪಾದ್ರಿ ಆಂಜೆಲೊ ಮಾಫೈ ಕೊಂಕಣಿಗೊಂದು ವ್ಯಾಕರಣವನ್ನು 1882ರಲ್ಲಿ, ಇಂಗ್ಲಿಷ್-ಕೊಂಕಣಿ ನಿಘಂಟನ್ನು 1883ರಲ್ಲಿ ತಂದರು. ನಿಘಂಟನ್ನು ಅಚ್ಚು ಹಾಕಿದವರು ಯಾರು? ಪ್ರೊಟೆಸ್ಟಂಟರ ಬಾಸೆಲ್ ಮಿಷನ್ ಪ್ರೆಸ್. ಎರಡು ಸಭೆಗಳ ನಡುವೆ ಮಾತುಕತೆ ಕಡಿಮೆಯಿದ್ದ ಕಾಲವದು. ಅಂಥ ದಿನಗಳಲ್ಲಿ ಅಚ್ಚುಮೊಳೆ ಜೋಡಿಸುವವನು ಮಾತ್ರ ಎರಡೂ ಕಡೆಯ ಪುಟಗಳನ್ನು ಒಂದೇ ಕೈಯಲ್ಲಿ ಜೋಡಿಸಿದ್ದಾನೆ.

ಪುಸ್ತಕಗಳ ಈ ಸಾಲಿನಲ್ಲಿ ಇನ್ನೊಬ್ಬರನ್ನೂ ನೆನೆಯಬೇಕು: ಸರ್ವಜ್ಞನ ವಚನಗಳನ್ನು ಊರೂರು ಅಲೆದು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಉತ್ತಂಗಿ ಚನ್ನಪ್ಪನವರು ಕ್ರೈಸ್ತ ಬೋಧಕರು. ಅವರು ದೇವಜ್ಞಾನ ಓದಿದ್ದು ಮಂಗಳೂರಿನಲ್ಲಿ. 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಓದಿನ ಮಾತು ಸಾಕು, ಊಟಕ್ಕೆ ಬರೋಣ. ಸೆಪ್ಟೆಂಬರ್ 8, ಮರಿಯಮ್ಮನವರು ಹುಟ್ಟಿದ ದಿನ, ನಮಗೆ ‘ಮೊಂತಿ ಫೆಸ್ತ್’. ತುಳುವಿನಲ್ಲಿ ‘ಕುರಲ್ ಪರ್ಬ’, ಕನ್ನಡದಲ್ಲಿ ತೆನೆಹಬ್ಬ. ‘ಮೊಂತಿ’ ಎಂದರೆ ಗುಡ್ಡ. ನೇತ್ರಾವತಿಯ ದಡದ ಫರಂಗಿಪೇಟೆಯಲ್ಲಿ ಮೊಂತೆ ಮರಿಯಾನೊ ಇಗರ್ಜಿ (ಚರ್ಚು) ಇದೆ. 1763ರಲ್ಲಿ ಜೊವಾಕಿಂ ಮಿರಾಂದ ಎಂಬ ಪಾದ್ರಿಗಳು ಈ ಹಬ್ಬ ಆರಂಭಿಸಿದ್ದು ಅಲ್ಲಿ ಎಂದು ನಂಬಿಕೆ. ಒಂಬತ್ತು ದಿನ ಮಕ್ಕಳು ಹೂ ಕೊಯ್ದು ಇಗರ್ಜಿಗೆ ಒಯ್ದು ಬಾಲೆ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಪಾದ್ರಿಗಳು ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ.

ನಮ್ಮಲ್ಲಿ ಅಪ್ಪ ತೆನೆಯಿಂದ ಕಾಳು ಬಿಡಿಸಿ, ಉಗುರಿನಲ್ಲಿ ಸಿಪ್ಪೆ ಸುಲಿದು, ಆ ಎಳೆಯ ಅಕ್ಕಿಯನ್ನು ಪುಡಿ ಮಾಡಿ ಹಾಲಿಗೆ ಬೆರೆಸುತ್ತಾರೆ. ಪ್ರಾರ್ಥನೆ ಹೇಳಿ, ಎಲ್ಲರಿಗೂ ಅದರ ಒಂದೊಂದು ಗುಟುಕು. ಆಮೇಲೆ ಬಾಳೆಲೆ ಊಟ. ಆ ದಿನ ಮೀನಿಲ್ಲ, ಮಾಂಸವಿಲ್ಲ. ತರಕಾರಿ ಪದಾರ್ಥಗಳ ಸಂಖ್ಯೆ ಐದು, ಏಳು, ಒಂಬತ್ತು ಹೀಗೆ ಬೆಸ ಇರಬೇಕು. ನೆರೆಮನೆಯ ತುಳುವರ ‘ಪುದ್ವಾರ್’ ಹೊಸಕ್ಕಿ ಊಟವನ್ನೂ ನಮ್ಮದನ್ನೂ ಅಕ್ಕಪಕ್ಕ ಇಟ್ಟು ನೋಡಿ, ಗದ್ದೆ ಎರಡು ಮನೆಗೂ ಒಂದೇ. ದುಬೈಯಲ್ಲೋ ಮುಂಬೈಯಲ್ಲೋ ಇರುವ ಮಕ್ಕಳಿಗೆ ಲಕೋಟೆಯಲ್ಲಿ ಕಾಳು ಕಳಿಸುವ ಮನೆಗಳು ಬೇಕಾದಷ್ಟಿವೆ. ಅಮ್ಮ ಒಂದೊಂದು ಲಕೋಟೆಗೂ ಕಾಳೆಣಿಸಿ ಹಾಕುತ್ತಿದ್ದರು, ಒಬ್ಬರಿಗೂ ಕಡಿಮೆಯಾಗಬಾರದೆಂದು.

ಇನ್ನು ಕ್ರಿಸ್ಮಸ್ಸಿಗೆ ಮಾಡುವ ತಿಂಡಿಗಳಾದ ‘ಕುಸ್ವಾರ್’: ನೆವ್ರಿ, ಕಿಡಿಯೊ, ಕೊಕ್ಕಿಸಾಂ, ತುಕ್ಡಿ, ಚಕ್ಕುಲಿ. ಇದನ್ನು ಮನೆಯವರು ಮಾತ್ರ ತಿಂದರೆ ಕುಸ್ವಾರ್ ಆಗುವುದಿಲ್ಲ, ತಟ್ಟೆಯಲ್ಲಿಟ್ಟು ಬಟ್ಟೆ ಮುಚ್ಚಿ ನೆರೆಮನೆಗೆ ಹೋಗಲೇಬೇಕು.

ಗರಿಗಳ ಭಾನುವಾರ ಇಗರ್ಜಿಯಲ್ಲಿ ಸಿಕ್ಕ ತೆಂಗಿನ ಗರಿಯನ್ನು ಶಿಲುಬೆಯಾಗಿ ಮಡಚಿ ಮನೆಯ ಆಲ್ತಾರಿಗೆ, ಅಂದರೆ ದೇವರ ಪೀಠಕ್ಕೆ, ಸಿಕ್ಕಿಸುತ್ತೇವಲ್ಲ, ಹಾಗೆ ಆಶೀರ್ವದಿಸಿದ ಗರಿಗಳನ್ನೇ ಮುಂದಿನ ವರ್ಷ ಸುಟ್ಟು ಬೂದಿ ಬುಧವಾರ ಹಣೆಗೆ ಹಚ್ಚುವ ಬೂದಿ ಮಾಡುವುದು.

ನಮ್ಮ ಮನೆಯ ಒಂದು ಗರಿ ಮಾತ್ರ ಬೂದಿಯಾಗದೆ ಉಳಿದಿದೆ. ಅಜ್ಜಿ ಅದನ್ನು ಪ್ರಾರ್ಥನಾ ಪುಸ್ತಕದಲ್ಲಿ ಗುರುತಿಗೆ ಇಟ್ಟಿದ್ದರು. ಪುಸ್ತಕದ ಬೆನ್ನು ಕಿತ್ತುಬಂದಿದೆ, ಅಂಚುಗಳು ಬೆರಳಿನ ಎಣ್ಣೆಗೆ ಕಂದಾಗಿವೆ. ಕೊನೆಯ ಖಾಲಿ ಹಾಳೆಯಲ್ಲಿ ಮನೆಯಲ್ಲಿ ಹುಟ್ಟಿದವರ ಹೆಸರು, ಹುಟ್ಟಿದ ದಿನ, ದೀಕ್ಷಾಸ್ನಾನದ ದಿನ ಕನ್ನಡ ಅಕ್ಷರದಲ್ಲಿವೆ, ಮಾತು ಕೊಂಕಣಿ. ಮೊದಲ ಏಳು ಹೆಸರು ಅಜ್ಜಿಯ ಕೈಬರಹ, ಆಮೇಲಿನ ಮೂರು ಅಮ್ಮನದು. ಹನ್ನೊಂದನೆಯದನ್ನು ಕಳೆದ ತಿಂಗಳು ನಾನು ಬರೆದೆ. ಪೆನ್ನು ಜಾರದಿರಲೆಂದು ಅಡಿಗೆ ಹಳೆಯ ‘ರಾಕ್ಣೊ’ ಒಂದನ್ನು ಇಟ್ಟುಕೊಂಡಿದ್ದೆ.