ಕಾವಲುಗಾರನ ಕವಚ : ಒಂದು ಐತಿಹಾಸಿಕ ವಿವೇಚನೆ

ಇಂದು ಧಾರವಾಡದ ಕಡೆ ಜೋಡು ಎಂದರೆ ಕಾಲಿನ ಮೆಟ್ಟು. ಹಳೆಯ ಕಾವ್ಯಗಳಲ್ಲಿ ಅದೇ ಶಬ್ದಕ್ಕೆ ಮೈಗವಚವೆಂಬ ಅರ್ಥ ಉಂಟು. ವಜ್ರಾಂಗಿ, ಸನ್ನಾಹ ಎಂಬವೂ ಅದನ್ನೇ ಹೇಳುತ್ತವೆ. ಹೆಸರುಗಳಿಗೇನೂ ಬಡತನವಿರಲಿಲ್ಲ. ಆದರೆ ಅದನ್ನು ತೊಡುತ್ತಿದ್ದವರು ಯಾರೆಂದು ಕೇಳಿದರೆ, ಅರಸನ ಸೈನಿಕನಿಗೂ ಊರ ಕಾವಲಿನವನಿಗೂ ಇದ್ದ ಅಂತರವು ಗೋಚರವಾಗುತ್ತದೆ.

ನಮ್ಮ ನಾಡಿನ ವೀರಗಲ್ಲುಗಳನ್ನೇ ನೋಡೋಣ. ತುರುಗಳನ್ನು ಮರಳಿಸುವಲ್ಲಿ, ಊರಳಿವಿನಲ್ಲಿ, ಹೆಂಗಸರ ಮಾನರಕ್ಷಣೆಯಲ್ಲಿ ಕಾದಿ ಮಡಿದವರ ಸ್ಮಾರಕಗಳು ಇವುಗಳಲ್ಲಿ ಹಲವು. ಕೆಳಗಿನ ಪಟ್ಟಿಕೆಯಲ್ಲಿ ವೀರನು ಬಿಲ್ಲನ್ನೋ ಕತ್ತಿ ಗುರಾಣಿಗಳನ್ನೋ ಹಿಡಿದಿರುತ್ತಾನೆ. ಅನೇಕ ಕಲ್ಲುಗಳಲ್ಲಿ ಅವನ ಎದೆ ಬರಿದು. ಮೇಲಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಕೊಂಡೊಯ್ಯುತ್ತಾರೆ. ಇದರಲ್ಲಿ ಶಿಲ್ಪಿಯ ಸಂಪ್ರದಾಯದ ಪಾಲೂ ಇದ್ದೀತು. ಇದಕ್ಕೆ ಪ್ರತಿಯಾಗಿ, 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ರಾವುತರ ಅಂಗಿಗಳನ್ನು ಬಣ್ಣಿಸಿದ್ದಾನೆ. ಗಟ್ಟಿಯಾದ ಹಸಿದೊಗಲಿನ ಪದರಗಳು, ಅವಕ್ಕೆ ಬಲ ಕೊಡುವ ಲೋಹದ ತಗಡುಗಳು, ಮೇಲೆ ರೇಷ್ಮೆ ಮಖಮಲ್ಲುಗಳು, ಕುತ್ತಿಗೆಯನ್ನು ಮುಚ್ಚುವ ಅಂಚುಳ್ಳ ಶಿರಸ್ತ್ರಾಣ.

ಬಂದೂಕು ಬಲಗೊಂಡಂತೆ ಇಂತಹ ಅಂಗಿ ಹಿಂದೆ ಬಿದ್ದಿತು. ಪದರದ ಮೇಲೆ ಪದರವೆಂಬ ಅದರ ತತ್ತ್ವ ಮಾತ್ರ ಅಳಿಯಲಿಲ್ಲ. 1965ರಲ್ಲಿ ಅಮೆರಿಕದ ಡ್ಯುಪಾಂಟ್ ಸಂಸ್ಥೆಯ ಸ್ಟೆಫನಿ ಕ್ವೊಲೆಕ್ ಎಂಬ ವಿದುಷಿ ನಡೆಸಿದ ಶೋಧದಿಂದ ಕೆವ್ಲಾರ್ ಎಂಬ ನಾರು ದೊರೆಯಿತು. ಇದರ ಬಟ್ಟೆಯ ಹಲವು ಪದರಗಳು ಗುಂಡನ್ನು ಬಲೆಯಂತೆ ಹಿಡಿದು, ಅದರ ಹೊಡೆತವನ್ನು ಅಗಲವಾಗಿ ಹಂಚುತ್ತವೆ. ಪಿಸ್ತೂಲಿನ ಗುಂಡಿಗೆ ಇಷ್ಟು ಸಾಕು. ರೈಫಲಿನ ಗುಂಡಿಗೆ ಪಿಂಗಾಣಿಯ ಅಥವಾ ಉಕ್ಕಿನಂತಹ ಗಡುಸು ಫಲಕವೂ ಬೇಕು. ಆಗ ಭಾರವು ಹೆಚ್ಚುತ್ತದೆ.

ಕರ್ನಾಟಕದ ಪೊಲೀಸರು ಗುಂಡಿಗೆ ಎದೆಯೊಡ್ಡಿದ ಪ್ರಸಂಗಗಳು ದೂರದವಲ್ಲ. 1992ರ ಆಗಸ್ಟ್ 14ರಂದು ವೀರಪ್ಪನ್ ತಂಡದ ಹೊಂಚುದಾಳಿಯಲ್ಲಿ ಪೊಲೀಸ್ ಸೂಪರಿಂಟೆಂಡೆಂಟ್ ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮಡಿದರು. 2008ರ ನವೆಂಬರಿನಲ್ಲಿ ಮುಂಬಯಿಯ ತುಕಾರಾಮ್ ಓಂಬಳೆಯವರ ಕೈಯಲ್ಲಿದ್ದುದು ಲಾಠಿಯೊಂದೇ. ಅದೇ ದಾಳಿಯಲ್ಲಿ ಹೇಮಂತ ಕರ್ಕರೆಯವರು ಮಡಿದ ಮೇಲೆ ಪೊಲೀಸರ ಗುಂಡುನಿರೋಧಕ ಅಂಗಿಗಳ ಗುಣಮಟ್ಟವು ದೇಶದಾದ್ಯಂತ ಚರ್ಚೆಗೆ ಬಂದಿತು. ಇಂತಹ ಅಂಗಿಗಳಿಗೆ ಭಾರತದ ಸ್ವಂತ ಮಾನಕವೊಂದು ಪ್ರಕಟವಾದುದು 2018ರಲ್ಲಿ. ಹತ್ತು ವರ್ಷಗಳ ವಿಳಂಬವೆಂದರೆ ಅಲ್ಪವಲ್ಲ.

ಇಷ್ಟಾದರೂ ಗುಂಡೊಂದನ್ನೇ ಲಕ್ಷಿಸಿದರೆ ವಿಚಾರವು ಅರ್ಧಕ್ಕೇ ನಿಂತಂತೆ. 2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿಯ ಪೊಲೀಸ್ ಠಾಣೆಯೆದುರು ನೆರೆದ ಗುಂಪಿನಿಂದ ಬಂದುದು ಕಲ್ಲು. ಪೊಲೀಸರಲ್ಲಿ ಹಲವರು ಗಾಯಗೊಂಡರು. ಅಲ್ಲಿ ಎದೆ ಬೆನ್ನುಗಳನ್ನಷ್ಟೇ ಮುಚ್ಚುವ ಗುಂಡುನಿರೋಧಕ ಅಂಗಿಯು ತಲೆ, ಮುಖ, ಮೊಣಕಾಲುಗಳನ್ನು ಕಾಯಲಾರದು. ಮುಖಪಟ್ಟಿಯುಳ್ಳ ಹೆಲ್ಮೆಟ್ಟು, ಕೈಕಾಲುಗಳಿಗೆ ಕಟ್ಟುವ ಕಾಪು, ಹಗುರವಾದ ಗುರಾಣಿ ಇವೇ ಅಲ್ಲಿನ ಕವಚ. ನಮ್ಮ ನಗರಗಳ ಠಾಣೆಗಳಿಗೆ ಇವು ಮೊದಲು, ಪ್ರತಿಯೊಬ್ಬ ಕಾನ್‌ಸ್ಟೇಬಲನಿಗೂ ಸಾಲುವಷ್ಟು ಒದಗಬೇಕೆಂಬುದು ನಮ್ಮ ಮತ.

ತೊಡಲಾಗದ ಕವಚವು ಇದ್ದೂ ಇಲ್ಲದಂತೆಯೇ. ಪಾಯೆಸನು ಕಂಡ ರಾವುತನಿಗೆ ಭಾರ ಹೊರಲು ಕುದುರೆಯಿತ್ತು. ವೈಶಾಖದ ಬಿಸಿಲಿನಲ್ಲಿ ಬಂದೋಬಸ್ತಿಗೆ ದಿನವಿಡೀ ನಿಲ್ಲುವ ಪೇದೆಗೆ ಅದಿಲ್ಲ. ಗಂಡಸರ ಅಳತೆಗೆ ಹೊಲಿದ ಅಂಗಿಯು ಮಹಿಳಾ ಪೇದೆಯ ಮೈಗೆ ಸರಿಯಾಗಿ ಕೂಡದೆ, ಪಕ್ಕಗಳಲ್ಲಿ ಗುಂಡಿಗೆ ದಾರಿ ಬಿಡುತ್ತದೆ.