ದಸರೆಯ ಊರಲ್ಲಿ ಕಾನ್ವೆಂಟಿನ ರಜೆ ಚೀಟಿ

ಸೆಪ್ಟೆಂಬರಿನ ಮೂರನೆಯ ವಾರ. ಶ್ರೀರಂಗಪಟ್ಟಣದ ಸುತ್ತಲಿನ ಗದ್ದೆಗಳಲ್ಲಿ ನಾಟಿ ಮುಗಿದು ಪೈರು ಬೇರು ಹಿಡಿದಿದೆ. ಕಬ್ಬು ಆಳೆತ್ತರ ಬೆಳೆದು ರಸ್ತೆಯ ತಿರುವುಗಳನ್ನು ಮರೆಮಾಡಿದೆ. ಕಾನ್ವೆಂಟ್ ಶಾಲೆಯ ಅಂಗಳದಲ್ಲಿ ಮಾತ್ರ ಯಾರಿಗೂ ಬೆಳೆಯ ಮೇಲೆ ಕಣ್ಣಿಲ್ಲ. ಅರ್ಧವಾರ್ಷಿಕ ಪರೀಕ್ಷೆಯ ಕೊನೆಯ ಪೇಪರು ಮುಗಿದಿದೆ, ನಾಳೆಯಿಂದ ದಸರಾ ರಜೆ.

ಬೆಳಗಿನ ಅಸೆಂಬ್ಲಿ ಎಂದಿನಂತೆಯೇ ಶುರುವಾಗುತ್ತದೆ. ಪ್ರಾರ್ಥನೆ, ನಾಡಗೀತೆ, ದಿನದ ಸುದ್ದಿ, ಸುಭಾಷಿತ. ಆದರೆ ಸಾಲುಗಳು ನೆಟ್ಟಗಿಲ್ಲ. ಒಂದನೇ ತರಗತಿಯ ಸಾಲಂತೂ ನದಿಯ ಹಾಗೆ ಬಳುಕುತ್ತಿದೆ. ಹೆಡ್‌ಮಿಸ್ ಆಗಿರುವ ಸಿಸ್ಟರ್ ಮೈಕಿನ ಮುಂದೆ ಬಂದು, ಕೈಯಲ್ಲಿದ್ದ ಹಾಳೆಯನ್ನು ಒಮ್ಮೆ ನೋಡಿ, ಮಕ್ಕಳ ಗದ್ದಲ ಅಡಗುವವರೆಗೂ ಸುಮ್ಮನೆ ನಿಲ್ಲುತ್ತಾರೆ. ಗದ್ದಲ ಅಡಗಿಸುವ ಅವರ ವಿಧಾನವೇ ಅದು. ಆಮೇಲೆ ಒಂದೊಂದಾಗಿ ಓದುತ್ತಾರೆ. ಕ್ವಿಜ್‌ನಲ್ಲಿ ಗೆದ್ದವರು ಯಾರು, ಪ್ರತಿಭಾ ಕಾರಂಜಿಗೆ ತಯಾರಾಗಬೇಕಾದವರು ಯಾರು, ಲೈಬ್ರರಿ ಪುಸ್ತಕ ಇನ್ನೂ ಹಿಂತಿರುಗಿಸದವರು ಯಾರು. ಕೊನೆಯ ಪಟ್ಟಿಗೇ ನಗು ಜಾಸ್ತಿ.

‘ಎಷ್ಟ್ ದಿನ ರಜಾ ಮಿಸ್?’ ಎಂದು ಹಿಂದಿನಿಂದ ಯಾರೋ ಕೂಗುತ್ತಾರೆ. ಉತ್ತರ ಚೀಟಿಯಲ್ಲಿದೆ. ಡೈರಿಯ ಹಾಳೆಗೆ ಅಂಟಿಸಿಕೊಂಡು ಹೋಗಿ, ಅಪ್ಪ ಅಥವಾ ಅಮ್ಮನ ಸಹಿ ಹಾಕಿಸಿಕೊಂಡು ಬರಬೇಕಾದ ಚೀಟಿ. ಈಗ ಅದು ಮಧ್ಯಾಹ್ನದೊಳಗೆ ವಾಟ್ಸ್‌ಆಪ್ ಗುಂಪಿನಲ್ಲೂ ಬರುತ್ತದೆ. ಆದರೂ ಶಾಲೆ ಕಾಗದ ಬಿಟ್ಟಿಲ್ಲ. ಮೊಬೈಲು ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗಿಬಿಡುತ್ತದೆ, ಚೀಟಿ ಅಜ್ಜಿಯ ಕೈಗೂ ಸಿಗುತ್ತದೆ.

ಚೀಟಿಯ ಮೊದಲ ಸಾಲು ರಜೆ ಯಾವಾಗಿನಿಂದ ಯಾವಾಗಿನವರೆಗೆ ಎಂಬುದು. ನೋಡಲು ಸರಳ ಸಾಲು, ಅದರ ಹಿಂದಿನ ಲೆಕ್ಕ ಮಾತ್ರ ಸರಳವಲ್ಲ. 2025-26ರ ಸಾಲಿಗೆ ಶಿಕ್ಷಣ ಇಲಾಖೆ ಹಾಕಿಕೊಟ್ಟ ವೇಳಾಪಟ್ಟಿಯಲ್ಲಿ ಶಾಲೆ ಮೇ 29ಕ್ಕೆ ಶುರು, ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆ ದಸರಾ ರಜೆ, ಏಪ್ರಿಲ್ 11ರಿಂದ ಬೇಸಿಗೆ ರಜೆ. ಡಿಸೆಂಬರಿನಲ್ಲಿ ಎಲ್ಲರಿಗೂ ಸಿಗುವುದು 25ನೇ ತಾರೀಖಿನ ಒಂದೇ ದಿನ. ಅದಕ್ಕಿಂತ ಹೆಚ್ಚು ದಿನ ಕ್ರಿಸ್‌ಮಸ್ ರಜೆ ಬೇಕೆಂದು ಕ್ರೈಸ್ತ ವಿದ್ಯಾಸಂಸ್ಥೆಗಳು ಕೇಳಿಕೊಂಡರೆ ಜಿಲ್ಲೆಯ ಉಪನಿರ್ದೇಶಕರು ಪರಿಶೀಲಿಸಿ ಒಪ್ಪಿಗೆ ಕೊಡಬಹುದು. ಆ ದಿನಗಳನ್ನು ದಸರಾ ರಜೆಯಲ್ಲಿ ಮುರಿದುಕೊಂಡು ಸರಿದೂಗಿಸಬೇಕು. ಡಿಸೆಂಬರಿಗೆ ಬೇಕಾದ ದಿನಗಳನ್ನು ದಸರೆಯಿಂದ ಕಡ ತಂದ ಹಾಗೆ.

ಬೇರೆ ಊರಲ್ಲಿ ಈ ಕಡ ಸುಲಭ. ಇದು ಶ್ರೀರಂಗಪಟ್ಟಣ. ಮೈಸೂರು ಒಡೆಯರ ದಸರೆ ಶುರುವಾದದ್ದೇ ಇಲ್ಲಿ, 1610ರಲ್ಲಿ, ರಾಜ ಒಡೆಯರು ಈ ಊರನ್ನು ರಾಜಧಾನಿ ಮಾಡಿಕೊಂಡ ವರ್ಷ. 1799ರಲ್ಲಿ ಟಿಪ್ಪು ಕೋಟೆಯಲ್ಲಿ ಮಡಿದ ಮೇಲೆ ರಾಜಧಾನಿಯೂ ದಸರೆಯೂ ಮೈಸೂರಿಗೆ ಹೋದವು. ಆದರೆ ಊರು ತನ್ನ ಹಕ್ಕು ಬಿಟ್ಟುಕೊಟ್ಟಿಲ್ಲ. ಈಗಲೂ ಕಿರಂಗೂರಿನ ಬನ್ನಿಮಂಟಪದಿಂದ ಅಂಬಾರಿ ಹೊತ್ತ ಆನೆ ಪೇಟೆಯೊಳಗೆ ಬರುತ್ತದೆ, ಸ್ತಬ್ಧಚಿತ್ರಗಳು ಬರುತ್ತವೆ, ಡೊಳ್ಳು, ವೀರಗಾಸೆ, ಪೂಜಾ ಕುಣಿತ ಬರುತ್ತವೆ. ಆ ದಿನ ತರಗತಿ ಇಟ್ಟರೆ ಯಾವ ಸಿಸ್ಟರಿಗೂ ಪಾಠ ಮಾಡಲಾಗದು. ಹಾಜರಿ ಪುಸ್ತಕದ ತುಂಬ ಗೈರುಹಾಜರಿ.

ಹಾಗಾಗಿ ಇಲ್ಲಿನ ಶಾಲೆ ಕತ್ತರಿಸಬೇಕಾದರೆ ಆನೆ ಹೋದ ಮೇಲಿನ ದಿನಗಳನ್ನು ಕತ್ತರಿಸಬೇಕು. ಸರ್ಕಾರಿ ಶಾಲೆಯ ಮಕ್ಕಳು ಇನ್ನೂ ಲಗೋರಿ ಆಡುವಾಗ ಕಾನ್ವೆಂಟಿನ ಮಕ್ಕಳು ಬ್ಯಾಗು ಹೊತ್ತು ಹೊರಡುತ್ತಾರೆ. ‘ಅವ್ರಿಗೆ ರಜಾ ಐತೆ, ನಮ್ಗ್ಯಾಕಿಲ್ಲ?’ ಎಂಬ ಮುನಿಸು ಪ್ರತಿ ಮನೆಯಲ್ಲೂ ಇದ್ದದ್ದೇ. 2025ರಲ್ಲಿ ಈ ಮುನಿಸಿಗೆ ಇನ್ನೊಂದು ಕಾರಣ ಸಿಕ್ಕಿತು. ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮನೆಮನೆಗೆ ಹೋಗಬೇಕಾಗಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಲಾಯಿತು. ಒಂದೇ ಬೀದಿಯಲ್ಲಿ ಒಂದು ಮನೆಯ ಮಗು ಗಾಳಿಪಟ ಹಿಡಿದಿತ್ತು, ಪಕ್ಕದ ಮನೆಯ ಮಗು ಟಿಫಿನ್ ಡಬ್ಬಿ. ಡಿಸೆಂಬರಿನಲ್ಲಿ ನಗುವ ಸರದಿ ಎರಡನೆಯ ಮಗುವಿನದು.

ಈ ಊರಿನ ಕ್ಯಾಥೊಲಿಕರ ಕಥೆಯೂ 1799ರ ಆ ತಿರುವಿಗೇ ಗಂಟು ಹಾಕಿಕೊಂಡಿದೆ. 1784ರಲ್ಲಿ ಕರಾವಳಿಯಿಂದ ಸೆರೆ ತಂದ ಕ್ರೈಸ್ತರು ಇಲ್ಲಿದ್ದರು. ಟಿಪ್ಪುವಿನ ಪತನದ ನಂತರ ಬದುಕುಳಿದವರಲ್ಲಿ ಹಲವರು ಕರಾವಳಿಗೆ ಮರಳಿದರು. ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಲು ಬಂದವರು ಫ್ರಾನ್ಸಿನ ಪಾದ್ರಿ ಅಬ್ಬೆ ದುಬಾಯ್. ಅವರ ಹೆಸರಿನ ಚರ್ಚು ಗಂಜಾಮಿನಲ್ಲಿ ಈಗಲೂ ಇದೆ, ನಿಮಿಷಾಂಬ ದೇವಸ್ಥಾನಕ್ಕೆ ಹೋಗುವವರು ಅದರ ಆಸುಪಾಸಿನಲ್ಲೇ ಹಾದುಹೋಗುತ್ತಾರೆ. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಸಿಡುಬಿಗೆ ಹೆದರುತ್ತಿದ್ದ ಜನಕ್ಕೆ ದೇವಿ ಹಾಕಿಸುವ ಕೆಲಸಕ್ಕೆ ಅವರು ಕೈ ಜೋಡಿಸಿದರು. ಈ ಸೀಮೆಯ ಜನರ ರೀತಿನೀತಿ, ಹಬ್ಬಹರಿದಿನಗಳನ್ನು ಕುರಿತು ಅವರು ಬರೆದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ವರಹಕ್ಕೆ ಕೊಂಡುಕೊಂಡಿತು. ಅದರ ಇಂಗ್ಲಿಷ್ ಅನುವಾದ 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರಲ್ಲಿ ಮೆಚ್ಚುವ ಮಾತಿಗಿಂತ ತೆಗಳುವ ಮಾತು ಕಡಿಮೆಯೇನಿಲ್ಲ. 1823ರಲ್ಲಿ ಫ್ರಾನ್ಸಿಗೆ ಮರಳಿದ ಪಾದ್ರಿ 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. ಹೊರಗಿನವರಾಗಿ ಅವರು ನಮ್ಮ ಹಬ್ಬಗಳನ್ನು ಬರೆದಿಟ್ಟುಕೊಂಡರು. ಇಂದಿನ ಕಾನ್ವೆಂಟು ಒಳಗಿನದಾಗಿ ಅವೇ ಹಬ್ಬಗಳಿಗೆ ರಜೆ ಬರೆಯುತ್ತದೆ.

ಒಳಗಿನದು ಎನ್ನಲು ಕಾರಣವಿದೆ. ಇಂಥ ಶಾಲೆಗಳ ಹಾಜರಿ ಕೂಗುವುದನ್ನು ಕೇಳಿದರೆ ಸಾಕು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಕ್ಯಾಥೊಲಿಕ್ ಮನೆಗಳು ಬೆರಳೆಣಿಕೆಯವು, ತರಗತಿ ತುಂಬಿಸುವವರು ಒಕ್ಕಲುಮಕ್ಕಳು, ಪೇಟೆಯ ವ್ಯಾಪಾರಿಗಳ ಮಕ್ಕಳು, ಗಂಜಾಮಿನ ಮುಸ್ಲಿಂ ಮನೆಗಳ ಮಕ್ಕಳು. ಧರ್ಮೋಪದೇಶದ ಪೀರಿಯಡ್ ಬಂದಾಗ ನಾಲ್ಕಾರು ಮಕ್ಕಳು ಎದ್ದು ಬೇರೆ ಕೋಣೆಗೆ ಹೋಗುತ್ತಾರೆ, ಉಳಿದವರಿಗೆ ನೀತಿ ಪಾಠ. ‘ನೀವ್ ಅಲ್ಲೇನ್ ಓದ್ತೀರ್ಲಾ?’ ಎಂದು ವಾಪಸು ಬಂದವರನ್ನು ಕೇಳುವುದು, ‘ನಿಮ್ಗೇನ್ ಕಥೆ ಹೇಳಿದ್ರು?’ ಎಂದು ಅವರು ಕೇಳುವುದು. ಎರಡೂ ಕಡೆ ತಮಗೇ ನಷ್ಟವಾಯಿತೆಂಬ ಅನುಮಾನ.

ಕ್ಯಾಲೆಂಡರೂ ಈ ಬೆರಕೆಗೆ ತಾನಾಗಿಯೇ ಒಗ್ಗಿಕೊಂಡಿದೆ. ಆಗಸ್ಟ್ 15ಕ್ಕೆ ಧ್ವಜಾರೋಹಣವೂ ಹೌದು, ಮಾತೆ ಮರಿಯಳ ಸ್ವರ್ಗಾರೋಹಣದ ಬಲಿಪೂಜೆಯೂ ಹೌದು. ಸೆಪ್ಟೆಂಬರ್ 5ಕ್ಕೆ ಶಿಕ್ಷಕರ ದಿನ, ಅಂದೇ ಮದರ್ ತೆರೇಸಾ ಹಬ್ಬ. ಅಕ್ಟೋಬರ್ 2 ಗಾಂಧಿ ಜಯಂತಿ, ಧರ್ಮಸಭೆಯ ಪಂಚಾಂಗದಲ್ಲಿ ಕಾವಲುದೂತರ ಹಬ್ಬ. 2025ರಲ್ಲಿ ವಿಜಯದಶಮಿಯೂ ಅದೇ ದಿನ ಬಂತು. ನವರಾತ್ರಿ ಒಂದು ದಿನ ಹಿಗ್ಗಿ, ಮೈಸೂರಿನಲ್ಲಿ ಹನ್ನೊಂದು ದಿನದ ದಸರೆ ನಡೆದ ವರ್ಷವದು. ಗಾಂಧಿ ಜಯಂತಿಗೆ ರಜೆಯಲ್ಲೂ ಶಾಲೆಗೆ ಬರಬೇಕೆಂಬುದು ವಾಡಿಕೆ. ಬೆಳಿಗ್ಗೆ ಬಾಪೂ ಫೋಟೋಗೆ ಹೂ, ಮಧ್ಯಾಹ್ನ ಟಿ.ವಿ. ಮುಂದೆ ಜಂಬೂಸವಾರಿ, ಸಂಜೆ ಬನ್ನಿ ಸೊಪ್ಪು. ಕ್ಯಾಥೊಲಿಕ್ ಮನೆಯಾದರೆ ಜೊತೆಗೆ ಜಪಸರ, ಅಕ್ಟೋಬರ್ ಜಪಸರದ ತಿಂಗಳಲ್ಲವೆ.

ಆಯುಧಪೂಜೆಯ ಸಂಭ್ರಮ ಶಾಲೆಯ ಗೇಟಿಗೆ ರಜೆಗೆ ಮುಂಚೆಯೇ ಬಂದಿರುತ್ತದೆ. ಮಕ್ಕಳನ್ನು ಕರೆತರುವ ಆಟೋದವರೂ ವ್ಯಾನಿನವರೂ ಪೂಜೆ ಎಲ್ಲಿ, ಬಾಳೆಕಂದಿಗೆ ಯಾರು, ಬೂದುಗುಂಬಳ ಎಷ್ಟು ಎಂದು ಗೇಟಿನ ಹೊರಗಿನ ಹೊಂಗೆ ಮರದಡಿಯಲ್ಲೇ ತೀರ್ಮಾನಿಸುತ್ತಾರೆ. ಸಿಸ್ಟರ್ ಅತ್ತ ಬಂದರೆ ‘ನೀವೂ ಬರ್ಬೇಕು ಸಿಸ್ಟ್ರೇ, ಪ್ರಸಾದ ತಕ್ಕೊಳ್ಳೋಕೆ’ ಎಂದು ಕರೆಯುತ್ತಾರೆ. ‘ಬರ್ತೀನಪ್ಪ, ಕುಂಬಳಕಾಯಿ ರಸ್ತೆ ಮಧ್ಯೆ ಒಡೀಬೇಡಿ, ಸ್ಕೂಟರ್‌ನವ್ರು ಜಾರಿ ಬೀಳ್ತಾರೆ’ ಎಂಬುದು ಉತ್ತರ.

ರಜೆಗೆ ಕೊಟ್ಟ ಹೋಂವರ್ಕಿನ ಗತಿ ಎಲ್ಲರಿಗೂ ಗೊತ್ತಿದ್ದದ್ದೇ. ದಿನಕ್ಕೊಂದು ಪುಟ ಕಾಪಿ ರೈಟಿಂಗ್, ಹದಿನೈದರವರೆಗೆ ಮಗ್ಗಿ, ಒಂದು ಚಾರ್ಟು. ಸರಸ್ವತಿ ಪೂಜೆಗೆ ಪುಸ್ತಕ ಇಟ್ಟ ಮೇಲೆ ಮುಟ್ಟುವಂತಿಲ್ಲ ಎಂಬ ಕಟ್ಟಳೆ ಮಕ್ಕಳಿಗೆ ವರದಾನ. ಪಠ್ಯಪುಸ್ತಕ ಇಡು ಎಂದರೆ ಹೋಂವರ್ಕ್ ನೋಟ್‌ಬುಕ್ಕನ್ನೇ ಎಲ್ಲಕ್ಕಿಂತ ಕೆಳಗೆ ಇಟ್ಟಿರುತ್ತಾರೆ. ಶಾಲೆ ತೆರೆದ ದಿನ ‘ಪೂಜೆಗಿಟ್ಟಿದ್ವಿ ಮಿಸ್’ ಎಂದರೆ ಯಾವ ಮಿಸ್ಸಿಗೂ ಎದುರಾಡಲಾಗದು. ಆ ಮಿಸ್ಸಿನ ಮನೆಯಲ್ಲೂ ಪುಸ್ತಕ ಪೂಜೆಗೆ ಕೂತಿರುತ್ತದೆ.

ಅಜ್ಜಿಯ ಊರಿಗೆ ಹೋಗುವವರ ದಾರಿ ಬೇರೆಬೇರೆ. ನಾಗಮಂಗಲದ ಕಡೆ ಹೋದವರಿಗೆ ತೆನೆ ಕಟ್ಟುವ ರಾಗಿ ಹೊಲ, ಅವರೆ ಸಾಲು. ಕೆ.ಆರ್. ಪೇಟೆಯ ಕಡೆ ತೆಂಗಿನ ತೋಟ. ಪಾಂಡವಪುರದ ಕಡೆ ಆಲೆಮನೆಯ ಬಿಸಿಬೆಲ್ಲ. ಹೈದರ್, ಟಿಪ್ಪುವಿನ ಸೈನ್ಯದಲ್ಲಿದ್ದ ಫ್ರೆಂಚರು ಬೀಡುಬಿಟ್ಟಿದ್ದಕ್ಕೆ ಆ ಊರಿಗೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತೆಂದು ಹೇಳಿದರೆ ಮಕ್ಕಳು ನಂಬುವುದಿಲ್ಲ. ಕ್ಯಾಥೊಲಿಕ್ ಮನೆಗಳವರು ಮೈಸೂರಿನ ಫಿಲೋಮಿನಾ ಚರ್ಚಿಗೂ ಡೋರ್ನಹಳ್ಳಿಯ ಸಂತ ಅಂತೋಣಿಯವರ ಸನ್ನಿಧಿಗೂ ಹೋಗಿಬರುತ್ತಾರೆ. ಡೋರ್ನಹಳ್ಳಿಗೆ ಹರಕೆ ಹೊತ್ತು ಹೋಗುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ.

ಊರಲ್ಲೇ ಉಳಿದವರಿಗೆ ಗೊಂಬೆ ಕೂರಿಸುವ ಮನೆಗಳಿವೆ. ಪಟ್ಟದ ಗೊಂಬೆಯ ಮುಂದೆ ಪಾರ್ಕು ಮಾಡಲು ಎಂಟು ದಿನ ಮೊದಲೇ ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲಬೇಕು. ಹಸಿರು ಎದ್ದ ಮೇಲೆ ಅದರ ನಡುವೆ ಪ್ಲಾಸ್ಟಿಕ್ ಆನೆ, ಕನ್ನಡಿಯ ಕೆರೆ. ಡಿಸೆಂಬರ್ ಬಂದರೆ ಅದೇ ತಟ್ಟೆ, ಅದೇ ರಾಗಿ, ಗೋದಲಿಗೆ. ಹಸು, ಕತ್ತೆ, ಕುರುಬರು, ಹುಲ್ಲಿನ ಮೇಲೆ ಬಾಲ ಯೇಸು. ರಾಗಿ ಎಷ್ಟು ದಿನಕ್ಕೆ ಎಷ್ಟೆತ್ತರ ಬರುತ್ತದೆಂದು ನವರಾತ್ರಿಯಲ್ಲಿ ಕಲಿತ ಮಗು ಶಾಲೆಯ ಗೋದಲಿಗೆ ಯಾವತ್ತು ಬಿತ್ತಬೇಕೆಂದು ಸಿಸ್ಟರಿಗೇ ಹೇಳಿಕೊಡುತ್ತದೆ. ದಸರೆಯಿಂದ ಕ್ರಿಸ್‌ಮಸ್ಸಿಗೆ ಈ ಶಾಲೆಗಳು ದಿನಗಳನ್ನಷ್ಟೇ ಕಡ ತರುವುದಿಲ್ಲ.

ಚೀಟಿಯಲ್ಲಿ ಇನ್ನೂ ಸಾಲುಗಳಿವೆ. ಎರಡನೇ ಕಂತಿನ ಫೀಸು. ಶಾಲೆ ತೆರೆದ ವಾರದಲ್ಲೇ ಪೋಷಕರ ಸಭೆ, ಅಂದೇ ಪ್ರೋಗ್ರೆಸ್ ಕಾರ್ಡು. ನವೆಂಬರ್ 1ರ ರಾಜ್ಯೋತ್ಸವದ ಡ್ಯಾನ್ಸಿಗೆ ಹಳದಿ ಕೆಂಪು ಬಟ್ಟೆ, ಕ್ರಿಸ್‌ಮಸ್ ನಾಟಕಕ್ಕೆ ದೂತರ ಪಾತ್ರದವರಿಗೆ ಬಿಳಿ ಬಟ್ಟೆ. ಉಗುರು ಕತ್ತರಿಸಿ, ಕೂದಲು ಕತ್ತರಿಸಿ ಬನ್ನಿ. ಇವನ್ನೆಲ್ಲ ಮರೆತರೆ ಹೆಚ್ಚೆಂದರೆ ಮಿಸ್ ಬೈಯುತ್ತಾರೆ, ಡೈರಿಯಲ್ಲಿ ಕೆಂಪಿಂಕಿನ ಒಂದು ಸಾಲು ಬರುತ್ತದೆ.

ಕಟ್ಟಕಡೆಯ ಸಾಲು ಮಾತ್ರ ಮರೆಯುವಂಥದ್ದಲ್ಲ: ಮಕ್ಕಳನ್ನು ಹೊಳೆಗೂ ನಾಲೆಗೂ ಒಂಟಿಯಾಗಿ ಬಿಡಬೇಡಿ.

ಈ ಸೀಮೆಯ ಬದುಕೆಲ್ಲ ನೀರಿನದು. ಎರಡು ಕವಲಾದ ಕಾವೇರಿಯ ನಡುವಿನ ನಡುಗಡ್ಡೆ ಈ ಊರು. ಸಂಗಮ, ಗೋಸಾಯಿ ಘಾಟ್, ಸ್ನಾನಘಟ್ಟ, ಪಶ್ಚಿಮವಾಹಿನಿ, ಸ್ವಲ್ಪ ದೂರಕ್ಕೆ ಬಲಮುರಿ, ಎಡಮುರಿ. ಮೇಲೆ ಕನ್ನಂಬಾಡಿ ಕಟ್ಟೆ, ಅದರಿಂದ ಹೊರಟು ಮಂಡ್ಯದ ಗದ್ದೆಗಳಿಗೆ ಹರಿಯುವ ವಿಶ್ವೇಶ್ವರಯ್ಯ ನಾಲೆ. ದಸರಾ ರಜೆ ಬರುವ ಹೊತ್ತಿಗೆ ಮಳೆಗಾಲದ ನೀರು ಇನ್ನೂ ಇಳಿದಿರುವುದಿಲ್ಲ, ನಾಲೆಯಲ್ಲಿ ಪೈರಿಗೆ ಬಿಟ್ಟ ನೀರು ಓಡುತ್ತಿರುತ್ತದೆ. ಹೊಳೆಯಲ್ಲಿ ನಿನ್ನೆ ಮೊಣಕಾಲುದ್ದವಿದ್ದ ಜಾಗ ಕಟ್ಟೆಯಿಂದ ನೀರು ಬಿಟ್ಟರೆ ಇಂದು ಹಾಗಿರುವುದಿಲ್ಲ. ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ನಾಲೆಯ ಇಳಿಜಾರಿನಲ್ಲಿ ಪಾಚಿ ಕಟ್ಟಿರುತ್ತದೆ, ಜಾರಿದವರಿಗೆ ಹಿಡಿಯಲು ಒಂದು ಬೇರೂ ಸಿಗುವುದಿಲ್ಲ. ಈಜು ಬಲ್ಲ ದೊಡ್ಡವರೇ ಸೋತ ನೀರದು.

ಈ ನಾಲೆಯ ಹೆಸರು ಕೇಳಿದರೆ ಪಾಂಡವಪುರ ತಾಲ್ಲೂಕಿನವರು ಈಗಲೂ ಒಂದು ಕ್ಷಣ ಸುಮ್ಮನಾಗುತ್ತಾರೆ. 2018ರ ನವೆಂಬರ್ 24, ಶನಿವಾರ. ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ನಾಲೆಗೆ ಉರುಳಿ 30 ಜನ ಸತ್ತರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಅದು ಬಸ್ಸಿನ ಅಪಘಾತ, ಈಜಾಟದ್ದಲ್ಲ. ಆದರೂ ನಾಲೆಯ ಆಳ ಎಂಥದು, ತಡೆಗೋಡೆ ಇಲ್ಲದ ಏರಿ ಎಂಥದು ಎಂಬುದನ್ನು ಜಿಲ್ಲೆಗೆ ಅಂದು ಅದು ತೋರಿಸಿಕೊಟ್ಟಿತು.

ಆದ್ದರಿಂದ ಮಗುವಿನ ಡೈರಿಯನ್ನು ಇಂದು ಸಂಜೆಯೇ ತೆರೆಯಿರಿ. ರಜೆಯ ತಾರೀಖನ್ನು ಪಕ್ಕದ ಮನೆಯವರಾದರೂ ಹೇಳುತ್ತಾರೆ, ಫೀಸಿನ ನೆನಪನ್ನು ಶಾಲೆ ಇನ್ನೊಮ್ಮೆ ಮಾಡುತ್ತದೆ. ಕೊನೆಯ ಸಾಲನ್ನು ಮಗುವಿನ ಎದುರು ಗಟ್ಟಿಯಾಗಿ ಓದಿ. ಅಜ್ಜಿಯ ಊರಿಗೆ ಕಳಿಸುವವರು ಅಲ್ಲಿನ ಕೆರೆ ಬಾವಿಯ ವಿಷಯವನ್ನೂ ಅಜ್ಜಿಗೆ ಹೇಳಿ ಕಳಿಸಿ. ಹೊಳೆ ಸ್ನಾನ ಬೇಕೇಬೇಕೆಂದರೆ ದೊಡ್ಡವರು ಕೈ ಹಿಡಿದು ಕರೆದುಕೊಂಡು ಹೋಗಿ, ಘಾಟಿನ ಮೆಟ್ಟಿಲು ಬಿಟ್ಟು ಇಳಿಸಬೇಡಿ. ಆಮೇಲೆ ಸಹಿ ಹಾಕಿ.